ಗೋಡೆ ಕಡೆಯ ಹತ್ತಿ

"ಫೋಮಿನ ಗಾದಿ ಮೇಲೆ ಐದು ತಾಸು ಮಲಗಿದ್ರೆ ಎಂಟು ತಾಸು ಮಲಗಿದಂಗಂತೆ ಬುಡನ್‌ಸಾಬ್ರೆ. ಹೊನ್ನಾಳಿ ಅಂಗಡಿಯೋನು ಹೇಳಿದ," ಎಂದಳು ಗೋವಿನಕೋವಿಯ ಶಿವಗಂಗಮ್ಮ.

"ಹಂಗಾದ್ರೆ ಅವನ ಮನೇಲಿ ಒಂದು ತುತ್ತು ಉಂಡ್ರೆ ಮೂರು ದಿನ ಹಸಿವಾಗಾಕಿಲ್ಲೇನು? ಅದನ್ನೂ ಕೇಳ್ಬೇಕಿತ್ತು ನೀವು," ಎಂದ ಬುಡನ್‌ಸಾಬ್. "ನಿದ್ದಿ ಅಂದ್ರೆ ಏಳು ತಾಸು, ಎಂಟು ತಾಸು ಬೇಕೇ ಬೇಕು ಅಕ್ಕಾರೆ. ಅದರಾಗೆ ಕಳ್ಳಾಟ ನಡೆಯಂಗಿಲ್ಲ."

ನ್ಯಾಮತಿಯಲ್ಲಿ ಅವನ ಮನೆ ಮುಂದಿನ, ಗಾದಿ ಹೊಲಿಯುವ ತಗಡಿನ ಶೆಡ್ಡಿನಲ್ಲಿ ಮಾತು ನಡೆದಿತ್ತು. ಶಿವಗಂಗಮ್ಮ ಹಳೇ ಗಾದಿಯ ಹತ್ತಿ ಹಿಂಜಿಸಲು ಬಂದಿದ್ದಳು. ಮಗಳು ಶಾಂತಲಾಳ ಮದುವೆಗೆ ಹೊಸ ಗಾದಿಯೂ ಆಗಬೇಕಿತ್ತು. ಹತ್ತಿಯದೋ ಫೋಮಿನದೋ ಎಂಬುದೇ ಅವಳ ಗೊಂದಲ. ಮದುವೆಯ ಗಾದಿಗಳು ಒಂದೊಂದಾಗಿ ಹೊನ್ನಾಳಿ ಅಂಗಡಿಯ ಪಾಲಾಗುತ್ತಿದ್ದವು. ಇದೊಂದನ್ನಾದರೂ ಬಿಡಬಾರದೆಂದು ಬುಡನ್‌ಸಾಬ್ ಕೂತಿದ್ದ.

ಅವಳ ಗಾದಿಯ ಹೊಲಿಗೆ ಬಿಚ್ಚಿ, ತಗ್ಗು ದಿಣ್ಣೆಗಳ ಮೇಲೆ ಅಂಗೈ ಆಡಿಸಿದ. "ನಿಮ್ಮ ಯಜಮಾನ್ರು ಬಲಮಗ್ಗುಲಾಗಿ, ಮಂಡಿ ಮಡಚ್ಕೊಂಡು ಮಲಗ್ತಾರೆ. ನೀವು ಅಂಚಿನಾಗೆ. ರಾತ್ರಿಗೆ ಎರಡು ಮೂರು ಸಲ ಏಳ್ತೀರಿ. ಹೌದೋ ಅಲ್ಲೋ?"

"ಅಯ್ಯೋ ಶಿವನೆ! ಇವ್ರಿಗೆ ಸಕ್ಕರೆ ಕಾಯಿಲೆ. ನೀರು, ನೀರು ಅಂತ ಎಬ್ಬಿಸ್ತಾನೇ ಇರ್ತಾರೆ. ಅದನ್ನೂ ಹೇಳ್ತದೇನ್ರಿ ಗಾದಿ?"

"ಬೆಕ್ಕು ಒಂದು ವಾರ ಮಲಗಿದ್ರೂ ಹತ್ತಿ ಗುರುತು ಇಟ್ಕೋತೈತೆ. ಮನುಷ್ಯ ಸುಳ್ಳು ಹೇಳ್ತಾನೆ, ಗಾದಿ ಹೇಳಾಕಿಲ್ಲ."

ಇದು ಅವನ ಮೂವತ್ತು ವರ್ಷದ ಅನುಭವ. 'ನಾನು ಮಲಗೋದೇ ನಾಲ್ಕು ತಾಸು' ಎಂದು ಎದೆ ಉಬ್ಬಿಸುವವರ ಗಾದಿ ಬಿಚ್ಚಿದರೆ ಎಮ್ಮೆ ಹೊರಳಿದಂಥ ತಗ್ಗು ಸಿಗುತ್ತಿತ್ತು. ಬುಡನ್‌ಸಾಬ್ ಯಾರ ಗುಟ್ಟನ್ನೂ ರಟ್ಟು ಮಾಡಿದವನಲ್ಲ. ಆದರೆ ಒಂದು ಮಾತನ್ನು ಮಾತ್ರ ಸವಳಂಗದಿಂದ ಹೊನ್ನಾಳಿವರೆಗೂ ಸಾರಿದ್ದ. ಈಗಲೂ ಅದನ್ನೇ ತೆಗೆದ.

"ನಮ್ಮ ಮಜೀದಾ ಇಪ್ಪತ್ತೆಂಟು ವರ್ಷದಿಂದ ನನ್ನ ಕೈಯ ಗಾದಿ ಮೇಲೇ ಮಲಗ್ತಾಳೆ. ಒಂದು ದಿನ ಸೊಂಟ ಅಂದಿಲ್ಲ, ಬೆನ್ನು ಅಂದಿಲ್ಲ. ಬೆಳಿಗ್ಗೆ ಎದ್ದ ಕೂಡ್ಲೆ ಕೇಳ್ತೀನಿ, ನಿದ್ದಿ ಬಂತೇನೇ ಅಂತ. ಕಲ್ಲು ಬಿದ್ದಂಗೆ ಬಂತು ಅಂತಾಳೆ."

ಆ ಉತ್ತರ ಕೇಳಿಯೇ ಅವನು ದಬ್ಬಣ ಹಿಡಿಯುತ್ತಿದ್ದುದು. ಅವನಾದರೋ ರಾತ್ರಿ ನಮಾಜು ಮುಗಿಸಿ ತಲೆ ಇಟ್ಟನೆಂದರೆ ಆಯಿತು, ಡೋಲು ಬಡಿದರೂ ಏಳುವವನಲ್ಲ. ಕಣ್ಣು ಬಿಟ್ಟಾಗ ಮಜೀದಾ ಚಹಾ ಹಿಡಿದು ನಿಂತಿರುತ್ತಿದ್ದಳು.

"ನಂಬಿಕೆ ಇಲ್ದಿದ್ರೆ ನಮ್ಮದೇ ಬಿಚ್ಚಿ ತೋರಿಸ್ತೀನಿ ತಡೀರಿ. ಹತ್ತಿ ತುಂಬಿ ನಾಲ್ಕು ವರ್ಷ ಆತು. ಗಾದಿ ಹೊಲಿಯೋನ ಮನೆ ಗಾದಿಗೆ ಯಾವಾಗ್ಲೂ ಕೊನೇ ಪಾಳಿ! ರುಹೀನಾ, ನಮ್ಮ ಗಾದಿ ಹೊರಗೆ ತಾರಮ್ಮ."

ಸೊಸೆ ರುಹೀನಾ ಬಾಗಿಲಲ್ಲೇ ನಿಂತಳು. "ಈಗ್ಯಾಕೆ ಮಾವ? ಅತ್ತೆ ಗಿರಣಿಗೆ ಹೋಗ್ಯಾರೆ. ಅವ್ರು ಬರ್ಲಿ."

"ಗಾದಿ ಬಿಚ್ಚಾಕೆ ಅತ್ತೆ ಅಪ್ಪಣೆ ಬೇಕೇನು?" ನಗುತ್ತಾ ತಾನೇ ಹೋಗಿ ಹೊತ್ತು ತಂದು ಹಾಸಿದ. ತಲೆಕಡೆಯ ಹೊಲಿಗೆ ಕತ್ತರಿಸಿದ. "ಇದು ನನ್ನ ಮಗ್ಗುಲು, ಅದು ಗೋಡೆ ಕಡೆ. ಎರಡೂ ಕಡೆ ಕೈ ಹಾಕ್ರಿ ಅಕ್ಕಾರೆ. ನಾಲ್ಕು ವರ್ಷದ ಹತ್ತಿ ಹೆಂಗೈತೆ ನೀವೇ ಹೇಳ್ರಿ."

ಶಿವಗಂಗಮ್ಮ ಮೊಣಕೈವರೆಗೂ ಕೈ ತೂರಿಸಿದಳು. "ಈ ಕಡೆ ರೊಟ್ಟಿ ಆದಂಗೈತೆ. ಗೋಡೆ ಕಡೆ..." ಕೈ ಅಲ್ಲೇ ನಿಂತಿತು. "ಗೋಡೆ ಕಡೇದು ನಿನ್ನೆ ತುಂಬಿದಂಗೆ ಐತಲ್ರಿ. ಇಲ್ಲಿ ಯಾರು ಮಲಗ್ತಾರೆ?"

ಬುಡನ್‌ಸಾಬ್ ತಾನೂ ಕೈ ಹಾಕಿದ. ಹತ್ತಿ ಅರಳಿಕೊಂಡು, ಹಗುರವಾಗಿ, ಬೆರಳಿಗೆ ಸಿಕ್ಕೂ ಸಿಗದಂತಿತ್ತು. ಅವನ ಕೈಗೆ ಅದರ ಅರ್ಥ ಅವನಿಗಿಂತ ಮೊದಲೇ ತಿಳಿಯಿತು.

"ನಮ್ಮಾಕಿ ತೂಕ ಕಮ್ಮಿ," ಎಂದ.

"ಬೆಕ್ಕಿನಷ್ಟೂ ಇಲ್ವೇನ್ರಿ?" ಎಂದುಬಿಟ್ಟ ಶಿವಗಂಗಮ್ಮ ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಚಪ್ಪಲಿ ಮೆಟ್ಟುತ್ತಾ, "ಹೊಸ ಗಾದಿ ವಿಷಯ ಶಾಂತಲಾನ್ನ ಕೇಳಿ ಹೇಳ್ತೀನಿ," ಎಂದು ಹೊರಟಳು.

ಮಜೀದಾ ಹಿಟ್ಟಿನ ಡಬ್ಬಿ ಹೊತ್ತು ಬಂದಾಗ ಅವನು ಗಾದಿಯ ಪಕ್ಕದಲ್ಲೇ ಕೂತಿದ್ದ. ಬಾಯಿ ತೆರೆದ ಗಾದಿಯನ್ನು ನೋಡಿ ಅವಳು ಡಬ್ಬಿ ಕೆಳಗಿಟ್ಟಳು.

"ಎಲ್ಲಿ ಮಲಗ್ತೀಯಾ ನೀನು?"

ಅವಳು ಒಳಗೆ ಹೋದಳು. ಅಡುಗೆಮನೆಯಿಂದ ಮೂರು ಮಡಿಕೆ ಮಾಡಿದ ದಪ್ಪನೆಯ ಕಟ್ಟೊಂದನ್ನು ತಂದಿಟ್ಟಳು. ಮೇಲಿನ ಪಟ್ಟೆ ಬಟ್ಟೆ ಅವನ ಶೆಡ್ಡಿನದೇ. ಒಳಗೆ ಹಳೇ ಕೌದಿಗಳಿವೆಯೆಂದುಕೊಂಡು ದಿನಾ ಅದಕ್ಕೇ ಒರಗಿ ಚಹಾ ಕುಡಿಯುತ್ತಿದ್ದ. ಈಗ ಗುಂಡಿ ಬಿಚ್ಚಿದ. ಹಳದಿ ಫೋಮು.

"ಯಾರು ತಂದಿದ್ದು?"

"ಸುಹೈಲ್. ಹೊನ್ನಾಳಿಯಿಂದ ಬಸ್ಸಿನಾಗೆ ತಂದ."

ಅವನ ಸ್ವಂತ ಮಗ. "ಎಷ್ಟು ದಿನ ಆತು?"

"ಐದು ವರ್ಷ. ಯಾಸ್ಮೀನ್ ಬಾಣಂತನಕ್ಕೆ ಬಂದಾಗ ಕೂಸಿನ ಮಗ್ಗುಲಿಗೆ ಅಡುಗೆಮನೇಲಿ ಮಲಗಿದ್ನಲ್ಲ. ಮದುವೆ ಆದಮೇಲೆ ನಾನು ನಿದ್ದಿ ಕಂಡಿದ್ದೇ ಆ ನಲವತ್ತು ದಿನ. ನಿಮ್ಮ ಗೊರಕೆ ಮುಂದೆ ಕೂಸಿನ ಅಳು ಏನೂ ಅಲ್ಲ. ಮಗಳು ಹೋದಮೇಲೂ ಅಲ್ಲೇ ಉಳ್ಕೊಂಡೆ. ನಿಮಗೆ ನಿದ್ದಿ ಹತ್ತಿದ ಮೇಲೆ ಎದ್ದು ಹೋಗ್ತಿದ್ದೆ."

"ಅಂದ್ರೆ ಮಗಳಿಗೂ ಗೊತ್ತು. ಮಗನಿಗೆ ಗೊತ್ತು, ಸೊಸೆಗೆ ಗೊತ್ತು."

ಬಾಗಿಲಲ್ಲಿದ್ದ ರುಹೀನಾ ಮೆಲ್ಲಗೆ ಒಳಗೆ ಸರಿದಳು.

"ಬೇರೆ ಮಲಗಿದ್ದಕ್ಕಲ್ಲ ಕಣೆ. ಗೊರಕೆ ಅಂದಿದ್ರೆ ನಾನೇ ಶೆಡ್ಡಿನಾಗೆ ಬಿದ್ಕೋತಿದ್ದೆ. ದಿನಾ ಬೆಳಿಗ್ಗೆ ಕೇಳ್ತಿದ್ನಲ್ಲೇ ನಿನ್ನ? ಆ ಮಾತು ಹಿಡ್ಕೊಂಡು ಊರೂರು ತಿರುಗಿದೆನಲ್ಲ!"

"ಅದಕ್ಕೇ ಹೇಳಾಕೆ ಬಾಯಿ ಬರ್ಲಿಲ್ಲ. ಗಿರಾಕಿ ಮುಂದೆ ನೀವು ನನ್ನ ಹೆಸರು ತೆಗೆದಾಗೆಲ್ಲ ಹೇಳೋದು ಇನ್ನೊಂದು ವರ್ಷ ಮುಂದಕ್ಕೆ ಹೋಯ್ತು."

"ಹೋಗ್ಲಿ, ಫೋಮು ಯಾಕೆ? ನನ್ನ ಹತ್ತಿ ನಿನಗೇನು ಮಾಡಿತ್ತು?"

ಮಜೀದಾ ಸೆರಗಿನ ಹಿಟ್ಟು ಕೊಡವಿಕೊಂಡಳು. "ಹತ್ತೀದು ಬೇಕಂದ್ರೆ ನಿಮಗೇ ಹೇಳಿ ಹೊಲಿಸ್ಬೇಕಿತ್ತಲ್ರಿ."

ಬುಡನ್‌ಸಾಬ್ ಗೋಡೆ ಕಡೆಯ ಹತ್ತಿಯನ್ನಷ್ಟೇ ಬಾಚಿ ತೆಗೆದು ಬೇರೆ ಗುಡ್ಡೆ ಹಾಕಿದ. ಖಾಲಿಯಾದ ಬಟ್ಟೆಯ ಮೇಲೆ ಅಳತೆ ಟೇಪು ಎಳೆದ. ಹೊಸ ಗಿರಾಕಿಗೆ ಕೇಳುವ ದನಿಯಲ್ಲಿ, ಅವಳ ಮುಖ ನೋಡದೆ ಕೇಳಿದ:

"ಅಗಲ ಎಷ್ಟು ಇಡಲಿ, ಅಮ್ಮಾರೆ?"

"ರೀ..." ಎಂದಳು ಮಜೀದಾ.

ಅವನು ಒಬ್ಬರಿಗಾಗುವಷ್ಟು, ಮೂರು ಅಡಿಗೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಇಟ್ಟ.