ದೃಷ್ಟಿಬೊಂಬೆ ಕಂಡ ಗರುಡನ ಮರಿ

ನಾನು ಒಂದು ದೃಷ್ಟಿಬೊಂಬೆ. ಕಟ್ಟುತ್ತಿರುವ ಮನೆಗಳ ಮುಂದೆ ಕೋರೆಹಲ್ಲು ಬಿಟ್ಟು, ನಾಲಿಗೆ ಚಾಚಿ ನೇತಾಡುವವನನ್ನು ನೀವು ನೋಡಿಯೇ ಇರುತ್ತೀರಿ. ನೀವು ನನ್ನನ್ನು ನೋಡಿದ್ದರೆ ನಾನೂ ನಿಮ್ಮನ್ನು ನೋಡಿದ್ದೇನೆ. ಇವರ್‍ಯಾಕೆ ಈ ಮನೆಯನ್ನು ಇಷ್ಟು ಹೊತ್ತು ದಿಟ್ಟಿಸುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಕೇಳಿಕೊಂಡೂ ಇದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಅನುಮಾನ ಪಡುವುದು ನನ್ನ ಕಸುಬು.

ನನ್ನನ್ನು ಮಾಡಿದವಳು ಗೌರಜ್ಜಿ. ಮೈಸೂರಿನ ರಿಂಗ್ ರಸ್ತೆಯ ಪಕ್ಕ ಟಾರ್ಪಾಲಿನ ಕೆಳಗೆ ಕೂತು ಬೂದುಗುಂಬಳಕಾಯಿ ಮತ್ತು ಬೊಂಬೆ ಮಾರುತ್ತಿದ್ದಳು. ಹಳೆಯ ಪೇಪರನ್ನು ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಮಣ್ಣಿನ ಅಚ್ಚಿಗೆ ಬಡಿದು ನನ್ನ ಮುಖ ಮಾಡಿದಳು. ಯಾರೋ ಬಿಸಾಕಿದ ಪ್ಯಾಂಟು, ಚೌಕಳಿ ಅಂಗಿ ತಂದು ಒಳಗೆ ಹುಲ್ಲು ತುಂಬಿದಳು. ಕಣ್ಣು ಬರೆಯುವಾಗ ಮಾತ್ರ ಗಿರಾಕಿ ಬಂದರೂ ತಲೆ ಎತ್ತಲಿಲ್ಲ. ಬರೆದು ಮುಗಿಸಿ ನನ್ನನ್ನು ದೂರ ಹಿಡಿದು ನೋಡಿ, "ಯಾರ್ನೂ ನಂಬ್ಬೇಡ ಕಣ್ಲಾ. ನಂಬೋ ಮೊಗ ಇದ್ರೆ ನಿನ್ನ ಯಾರೂ ತಕ್ಕೊಳಲ್ಲ" ಎಂದಳು. ಅವಳ ಮಾತನ್ನು ನಾನು ಶಿರಸಾವಹಿಸಿ ಪಾಲಿಸಿದೆ.

ನನ್ನನ್ನು ಕೊಂಡುಹೋದವನು ರಾಚಯ್ಯ ಮೇಸ್ತ್ರಿ. ಮೊದಲು ಒಬ್ಬ ವಕೀಲರ ಮನೆಗೆ ನೇತುಹಾಕಿದ. ಉಳಿದ ವಸ್ತುಗಳು ತಮ್ಮ ಒಡೆಯರನ್ನು ಕೆಳಗಿನಿಂದ ನೋಡುತ್ತವಂತೆ. ನನಗೆ ಕಂಡದ್ದೆಲ್ಲ ನೆತ್ತಿಗಳು. ವಕೀಲರ ನೆತ್ತಿ ಬೋಳು, ಅವರ ಷಡ್ಡಕನ ನೆತ್ತಿಗೆ ಬಣ್ಣ. ಆ ಷಡ್ಡಕ "ಭಾವ, ಮನೆ ಅರಮನೆ ಆಗ್ಬುಡ್ತಲ್ಲ" ಎಂದು ನಗುತ್ತಲೇ ಗೇಟಿನಾಚೆ ಹೋಗಿ ಹಲ್ಲು ಕಡಿಯುತ್ತಿದ್ದ. ಸಂಜೆಯಾದರೆ ಸಿಮೆಂಟಿನ ಮೂಟೆಗಳು ಕಾಲು ಬಂದ ಹಾಗೆ ಕಾಂಪೌಂಡು ದಾಟುತ್ತಿದ್ದವು. ಒಂದು ಮನೆ ಏಳುವಷ್ಟರಲ್ಲಿ ಮನುಷ್ಯರ ವಿಚಾರ ನನಗೆ ಸಾಕಷ್ಟು ಗೊತ್ತಾಗಿತ್ತು.

ಮನೆ ಮುಗಿದ ಮೇಲೆ ನನ್ನಂಥವರನ್ನು ಸುಟ್ಟುಬಿಡುವುದು ರೂಢಿ. ಬೇರೆಯವರ ಕೆಟ್ಟ ಕಣ್ಣನ್ನೆಲ್ಲ ಕುಡಿದವನಲ್ಲವೇ? ಆದರೆ ರಾಚಯ್ಯ ಜಿಪುಣ. ನನ್ನನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಊರಾಚೆಯ ಹೊಸ ಬಡಾವಣೆಗೆ ತಂದ. ಅಲ್ಲಿ ಮೊದಲು ಮಾವಿನ ತೋಪು ಇತ್ತಂತೆ. ಈಗ ಸೈಟುಗಳ ಕಲ್ಲು, ಅರ್ಧ ಎದ್ದ ಗೋಡೆಗಳು, ಹಿಂದೆ ಒಂದು ಕೆರೆ, ಕೆರೆ ಕಡೆಯ ಮೂಲೆಯಲ್ಲಿ ಪಾರ್ಕಿಗೆಂದು ಉಳಿಸಿದ ಒಂದೇ ಒಂದು ದೊಡ್ಡ ಮಾವಿನ ಮರ. ಮರಕ್ಕೆ ತಾಗಿದಂತಿದ್ದ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದವರು ಪಾಪೇಗೌಡರು. ಟೈರಿನ ಅಂಗಡಿ ಇಟ್ಟಿದ್ದವರು. ಯಾರದ್ದಾದರೂ ಟೈರಿಗೆ ಮೊಳೆ ಚುಚ್ಚಿದ್ದರೆ, ಅದನ್ನು ರಸ್ತೆಗೆ ಹಾಕಿದವನು ಯಾರು ಎಂದು ಮೊದಲು ಯೋಚಿಸುವ ಜಾತಿ.

ನನ್ನನ್ನು ನೋಡಿದ ಕೂಡಲೇ ಅವರು ಹುಬ್ಬು ಗಂಟಿಕ್ಕಿದರು. "ಅಲ್ಲಯ್ಯ ಮೇಸ್ತ್ರಿ, ಇದು ಸೆಕೆಂಡ್ ಹ್ಯಾಂಡ್ ಬೊಂಬೆ ಅಲ್ವಾ?"

"ಎಲ್ಲಾರಾ ಉಂಟಾ ಗೌಡ್ರೇ! ಬಿಸ್ಲಿಗಿಟ್ಟು ಒಣಗಿಸವ್ರೆ, ಅದ್ಕೇ ಬಣ್ಣ ಹಿಂಗೆ."

ಗೌಡರು ನಂಬಲಿಲ್ಲ. ಆದರೂ ನನ್ನನ್ನು ತಾರಸಿಯ ಅಂಚಿನಲ್ಲಿ ಒಂದು ಗಳಕ್ಕೆ ಕಟ್ಟಲು ಬಿಟ್ಟರು. ನನಗೆ ಅವರು ಹಿಡಿಸಿದರು.

ಆ ಮಾವಿನ ಮರದಲ್ಲಿ ಗರುಡ ಗೂಡು ಕಟ್ಟುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೆ. ಯಾಕೆಂದರೆ ಆ ಗರುಡಗಳು ಮೊದಲು ದೋಚಿದ್ದು ನನ್ನನ್ನೇ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ನೋಡಲು ದೇವರ ಹಾಗಿದ್ದ ಜೋಡಿ. ಅದರಲ್ಲಿ ಒಂದು ನೇರ ಬಂದು ನನ್ನ ಅಂಗಿಯ ತೋಳನ್ನು ಕಿತ್ತುಕೊಂಡು ಹೋಗಿ ಗೂಡಿಗೆ ಹಾಸಿಕೊಂಡಿತು. ನಾನು ಕೋರೆಹಲ್ಲು ಬಿಟ್ಟೇ ಇದ್ದೆ, ಅದು ಕ್ಯಾರೇ ಅನ್ನಲಿಲ್ಲ. ಗೂಡಿಗೆ ಮೊಟ್ಟೆ ಬಂದ ಮೇಲೆ ಅಪ್ಪಿತಪ್ಪಿಯೂ ನನ್ನ ಹತ್ತಿರ ಸುಳಿಯಲಿಲ್ಲ ಅನ್ನುವುದು ಬೇರೆ ಮಾತು. ಕಳ್ಳರಿಗೆ ಮಕ್ಕಳಾದ ಮೇಲೆ ಭಯ ಬಂದಿರಬೇಕು ಎಂದುಕೊಂಡೆ.

ಗೌಡರ ಹೆಂಡತಿ ಚಿಕ್ಕತಾಯಮ್ಮನವರಿಗೆ ಗೂಡಿನ ವಿಷಯ ತಿಳಿದಾಗ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೆಂಟರಿಗೆಲ್ಲ ಫೋನು. "ನಮ್ ಮನೆ ಪಕ್ದಲ್ಲೇ ಗರುಡ ಗೂಡು ಕಟ್ಟದೆ ಕಣವ್ವ! ದಿನಾ ದರ್ಶನ!" ಬಂದಾಗಲೆಲ್ಲ ಮರದ ಕಡೆ ತಿರುಗಿ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಆದರೆ ಮಂಡಿನೋವಿನ ಹೆಂಗಸು, ಮೆಟ್ಟಿಲು ಹತ್ತುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಆಕಾಶದಲ್ಲಿ ಸುತ್ತುವ ಗರುಡ ಮಾತ್ರ. ಗೂಡಿನ ಒಳಗೇನು ನಡೆಯುತ್ತದೆ ಎಂದು ಕೆಳಗಿನಿಂದ ಕಾಣದು.

ಅದನ್ನು ಕಂಡವಳು ಸೊಸೆ ಹೇಮಲತ. ಸಿಮೆಂಟು ಗಟ್ಟಿಯಾಗಲೆಂದು ಬೆಳಿಗ್ಗೆ ಸಂಜೆ ಮನೆಗೆ ನೀರು ಕಟ್ಟುವ ಕೆಲಸ ಅವಳದ್ದು. ಎಳೆಮಗಳನ್ನು ಸೀರೆಯ ಜೋಲಿಯಲ್ಲಿ ಹಾಕಿ, ಪೈಪು ಹಿಡಿದು ತಾರಸಿಗೂ ಗೋಡೆಗೂ ನೀರು ಬಿಡುತ್ತಿದ್ದಳು. ನೀರು ಬಿಟ್ಟು ಮುಗಿದರೂ ಇಳಿಯುತ್ತಿರಲಿಲ್ಲ. ಗೂಡಿನ ಕಡೆ ನೋಡುತ್ತ ನಿಂತುಬಿಡುತ್ತಿದ್ದಳು, ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದಳು. ನನಗೆ ಅನುಮಾನ ಬಂತು. ಮನೆಯವರಿಗೂ ಬಂತು. ಒಂದು ಸಂಜೆ ಪಾಪೇಗೌಡರು ಚಪ್ಪಲಿ ಕೆಳಗೇ ಬಿಟ್ಟು ಸದ್ದಿಲ್ಲದೆ ಮೇಲೆ ಬಂದರು. ಅಕ್ಕಪಕ್ಕದ ಕಟ್ಟಡಗಳ ಮೇಲೆಲ್ಲ ಕಣ್ಣಾಡಿಸಿದರು. ಎಲ್ಲೂ ಯಾರೂ ಇಲ್ಲ.

"ಏನ್ ನೋಡ್ತಿದ್ಯವ್ವ?" ಎಂದರು.

ಅವಳು ಬೆಚ್ಚಿಬಿದ್ದು ತಿರುಗಿದಳು. "ಮರಿ ಆಗದೆ ಮಾವ! ಒಂದೇ ಮರಿ. ಬೂದಿ ಬಣ್ಣ, ಹತ್ತಿ ಉಂಡೆ ಥರ."

ಗೌಡರು ಬಗ್ಗಿ ನೋಡಿದರು. ಕಣ್ಣು ಮಂಜು, ಏನೂ ಕಾಣಲಿಲ್ಲ. "ಹೂಂ" ಎಂದು ಇಳಿದು ಹೋದರು. ಆ "ಹೂಂ" ನಲ್ಲಿ ನಂಬಿಕೆ ಇತ್ತೋ ಇಲ್ಲವೋ ನನಗೂ ತಿಳಿಯಲಿಲ್ಲ.

ಆ ಮನೆಯಲ್ಲಿ ಹೇಮಲತಳ ಮಾತು ಯಾರೂ ನಂಬದಿರಲು ಒಂದು ಕಾರಣವಿತ್ತು, ಅದು ಜೋಲಿಯಲ್ಲಿ ಮಲಗಿತ್ತು. ಮಗು ಕಪ್ಪಾಗಿತ್ತು. ಒಳ್ಳೆ ನೇರಳೆ ಹಣ್ಣಿನ ಕಪ್ಪು, ಮುದ್ದಾದ ಮಗು. ಆದರೆ ಗೌಡರ ಮನೆಯವರೆಲ್ಲ ಕೆಂಪಗೆ, ಹೇಮಲತಳೂ ಬೆಳ್ಳಗೆ. ಚಿಕ್ಕತಾಯಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಲೇ, ಲೋಕಾಭಿರಾಮದ ಮಾತಿನಂತೆ, "ನಮ್ ಕಡೆ ಯಾರೂ ಈ ಬಣ್ಣ ಇಲ್ಲ. ನಿಮ್ ಕಡೆನೂ ಇಲ್ಲ. ಇನ್ನೆಲ್ಲಿಂದ ಬಂತವ್ವ?" ಎನ್ನುತ್ತಿದ್ದರು. ಗಂಡ ಯೋಗಾನಂದ ಟ್ಯಾಂಕರ್ ಲಾರಿ ಓಡಿಸುವವನು, ವಾರಕ್ಕೊಮ್ಮೆ ಬರುವವನು. ಅವಳು ಅತ್ತರೆ "ಅವ್ವ ಹಂಗೇ ಕಣೆ, ಬುಡು" ಎಂದು ಮಲಗಿಬಿಡುತ್ತಿದ್ದ. ಇದನ್ನೆಲ್ಲ ಅವಳು ಮಗುವಿಗೆ ಹೇಳಿಕೊಂಡು ಅಳುವಾಗ ನನ್ನ ಕಿವಿಗೆ ಬಿದ್ದದ್ದು. ನಾನೂ ಆ ಮಗುವಿನ ಮುಖವನ್ನು ಅನುಮಾನದಿಂದಲೇ ನೋಡಿದ್ದೇನೆ. ನನಗೆ ಬೇರೆ ಥರ ನೋಡಲು ಬರುತ್ತಿರಲಿಲ್ಲ.

ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಬಣ್ಣ ಬಳಿಯುವವರು ಬಂದರು. ಅಷ್ಟರಲ್ಲಿ ಮರಿಗೆ ಗರಿ ಮೂಡಿ, ಅದು ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯತೊಡಗಿತು. ಹಾರಲು ಇನ್ನೂ ಬಾರದು. ಆಗ ಮೊದಲ ಬಾರಿಗೆ ಅದು ಕೆಳಗಿನವರ ಕಣ್ಣಿಗೂ ಬಿತ್ತು. ಚಿಕ್ಕತಾಯಮ್ಮ ಕೈ ಮುಗಿಯಲು ಹೋದವರು ಅರ್ಧಕ್ಕೇ ನಿಂತರು.

"ಅಯ್ಯೋ ಶಿವ್ನೇ, ಇದು ಹದ್ದು! ನೋಡ್ರೀ ಇಲ್ಲಿ, ಗರುಡನ ಗೂಡಿಗೆ ಹದ್ದು ಸೇರ್ಕಂಡದೆ!"

ನಿಜ ಹೇಳಬೇಕೆಂದರೆ ನೋಡಲು ಹದ್ದೇ. ಬಿಳಿ ತಲೆಯಿಲ್ಲ, ಬಿಳಿ ಎದೆಯಿಲ್ಲ. ತಲೆಯಿಂದ ಬಾಲದವರೆಗೆ ಕಂದು. ಗಾಳಿ ಬೀಸಿದಂತೆ ತಿರುಗುವ ನನಗೆ ಗೂಡು ಕಂಡಷ್ಟೇ ಹೊತ್ತು ರಸ್ತೆಯೂ ಕಾಣುತ್ತಿತ್ತು. ನಡುವೆ ಯಾವಾಗಲೋ ಮರಿ ಬದಲಾಗಿರಬಹುದೇ ಎಂದು ನಾನೂ ಯೋಚಿಸಿದೆ.

ಹದ್ದು ಮನೆ ಮೇಲೆ ಕೂತರೆ ಮನೆ ಬಿಡಬೇಕು, ಶಾಂತಿ ಮಾಡಿಸಬೇಕು ಎನ್ನುವ ಜನ ಅವರು. ಗೃಹಪ್ರವೇಶದ ದಿನ ಇದು ಹಾರಿ ಬಂದು ತಾರಸಿಯ ಮೇಲೆ ಕೂತರೆ ಗತಿಯೇನು? ಹಾಗೆಂದು ಗೂಡು ಕೀಳುವಂತಿಲ್ಲ, ಗರುಡನ ಗೂಡು ಮುಟ್ಟಿದರೆ ಪಾಪ.

"ಅತ್ತೆ, ಅದು ಗರುಡನ ಮರೀನೇ" ಎಂದಳು ಹೇಮಲತ. "ಬೂದಿ ಬಣ್ಣ ಇದ್ದಾಗಿಂದ ದಿನಾ ನೋಡಿದ್ದೀನಿ. ಅಪ್ಪ ಅಮ್ಮ ಇಬ್ರೂ ಮೀನ್ ತಂದು ತಿನ್ನಿಸ್ತವೆ."

ಚಿಕ್ಕತಾಯಮ್ಮ ಅವಳ ಸೊಂಟದ ಮೇಲಿದ್ದ ಮಗುವನ್ನೊಮ್ಮೆ ನೋಡಿದರು. "ನೀನ್ ಹೇಳೋದ್ನೆಲ್ಲ ನಂಬಕ್ಕಾಯ್ತದಾ?" ಎಂದರು.

ಹೇಮಲತ ಮಗುವನ್ನು ಸೊಂಟದ ಆಚೆ ಬದಿಗೆ ಬದಲಿಸಿಕೊಂಡಳು.

ದಾರಿ ತೋರಿಸಿದವನು ರಾಚಯ್ಯ. "ಬೊಂಬೆ ಹೆಂಗೂ ಅದೆಯಲ್ಲ ಗೌಡ್ರೇ. ಗೂಡಿನ ಪಕ್ಕಕ್ಕೆ ಕಟ್ಬುಡ್ತೀನಿ. ಹದ್ದು ಹೆದ್ರಿ ಜಾಗ ಬುಡ್ತದೆ." ಗೌಡರು ಒಪ್ಪಿದರು. "ನಾಳೆ ಸಂಜೆವರ್ಗೂ ನೋಡೋದು. ಹೋಗ್ದಿದ್ರೆ ಗಳ ತಗಂಡು ಕೆಳಿಕ್ ತಳ್ಳು" ಎಂದರು. ಹೀಗೆ ಮೇಸ್ತ್ರಿ ನನ್ನನ್ನು ಉದ್ದನೆಯ ಗಳದ ತುದಿಗೆ ಕಟ್ಟಿ, ತಾರಸಿಯಿಂದಲೇ ಚಾಚಿ, ಗೂಡಿನ ಪಕ್ಕದ ಕೊಂಬೆಗೆ ಸಿಕ್ಕಿಸಿದ. ಮೊದಲ ಬಾರಿಗೆ ನನ್ನನ್ನು ನಿಜವಾದ ಕೆಲಸಕ್ಕೆ ಹಚ್ಚಿದ್ದರು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಮರಿ ನನ್ನನ್ನು ನೋಡಿ ಗೂಡಿನ ಆಚೆ ಅಂಚಿಗೆ ಒತ್ತಿಕೊಂಡು ಕೂತಿತು. ಸ್ವಲ್ಪ ಹೊತ್ತಿಗೆ ಗರುಡ ಕಾಲಲ್ಲಿ ಮೀನು ಹಿಡಿದು ಬಂತು. ನನ್ನನ್ನು ಕಂಡದ್ದೇ ಗಾಳಿಯಲ್ಲೇ ತಿರುಗಿಬಿಟ್ಟಿತು. ಇನ್ನೊಂದು ಬಂತು, ಅದೂ ತಿರುಗಿತು. ಸಂಜೆಯವರೆಗೆ ಎರಡೂ ಮರದ ಮೇಲೆ ಸುತ್ತುತ್ತ, ಎಳೆಗೂಸಿನಂತೆ ಅಳುವ ದನಿಯಲ್ಲಿ ಕೂಗಿದವು. ಮರಿ ಬಾಯಿ ತೆರೆದು ಉತ್ತರ ಕೊಟ್ಟಿತು. ಅದರ ಗಂಟಲೊಳಗಿನ ಕೆಂಪು ನನಗೆ ಕಾಣುತ್ತಿತ್ತು. ಗೂಡಿನ ಕಡ್ಡಿಗಳ ನಡುವೆ ಮೀನಿನ ಹಳೆಯ ಪೊರೆಗಳಿದ್ದವು. ತನ್ನದಲ್ಲದ ಮಗುವಿಗೆ ಯಾರಾದರೂ ಹೀಗೆ ಕೂಗುತ್ತಾರೆಯೇ? ನನ್ನ ಅನುಮಾನ ಅಲ್ಲಿಗೆ ಸತ್ತಿತು. ಆದರೆ ಅದರಿಂದ ಮರಿಗೇನು ಬಂತು? ನನ್ನ ಕಣ್ಣು ಬಿಟ್ಟೇ ಇತ್ತು, ನಾಲಿಗೆ ಚಾಚಿಯೇ ಇತ್ತು. ಮುಚ್ಚಿಕೊಳ್ಳಲು ಗೌರಜ್ಜಿ ನನಗೆ ರೆಪ್ಪೆ ಕೊಟ್ಟಿರಲಿಲ್ಲ.

ಮರುದಿನ ಮಧ್ಯಾಹ್ನಕ್ಕೆ ಮರಿ ಕೂಗುವುದನ್ನು ನಿಲ್ಲಿಸಿ ಕುತ್ತಿಗೆ ಬಗ್ಗಿಸಿ ಕೂತಿತು. ಆಗ ತಾರಸಿಯ ಮೇಲೆ ಮಾತು ಕೇಳಿಸಿತು. ಹೇಮಲತ ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಿದ್ದಳು.

"ಕೂತ್ಕಳಿ ಅತ್ತೆ. ನೀವೇ ಕಣ್ಣಾರೆ ನೋಡಿ" ಎಂದು ಗಾರೆಯ ಬಾಂಡ್ಲಿ ಮಗುಚಿ ಹಾಕಿದಳು. "ಸಂಜೆವರ್ಗೆ ಗರುಡ ಬಂದು ಅದಕ್ಕೆ ತಿನ್ನಿಸ್ದೇ ಇದ್ರೆ ನಾನೇ ಗಳ ತಗಂಡು ತಳ್ತೀನಿ. ಆದ್ರೆ ಮೊದ್ಲು ಆ ಬೊಂಬೆ ತೆಗಿಸಿ."

"ಯಾಕ್ ತೆಗೀಬೇಕು? ಗರುಡ ದೇವ್ರ ವಾಹ್ನ. ಬೊಂಬೆಗೆ ಹೆದರ್ತದಾ? ಹೆದ್ರೋದು ಹದ್ದು."

"ಅದು ತಾಯಿ ಅತ್ತೆ. ತಾಯಿಗೆ ಹೆದ್ರಿಕೆ ಇರಲ್ವಾ?" ಹೇಮಲತ ಸೊಂಟದ ಮೇಲಿದ್ದ ಮಗುವನ್ನು ಎದೆಗೆ ಒತ್ತಿಕೊಂಡಳು. "ಬಣ್ಣ ನೋಡಿ ಮಗು ಯಾರ್ದು ಅಂತ ಹೇಳ್ಬುಡ್ತೀರಲ್ಲ. ನಿಮ್ಗೆ ಇದೊಂದೇ ಗೊತ್ತಿರೋದಾ?"

ಚಿಕ್ಕತಾಯಮ್ಮ ಬೊಂಬೆ ತೆಗೆಸಲಿಲ್ಲ, ಇಳಿದೂ ಹೋಗಲಿಲ್ಲ. ಇಬ್ಬರೂ ಕೂತರು. ಬಿಸಿಲು ಇಳಿಯತೊಡಗಿತು. ಕೆಳಗೆ ರಾಚಯ್ಯ ಇನ್ನೊಂದು ಗಳ ಒರಗಿಸಿಕೊಂಡು ಬೀಡಿ ಸೇದುತ್ತಿದ್ದ. ಗರುಡ ಎರಡು ಸಲ ಹತ್ತಿರ ಬಂದು ಎರಡು ಸಲವೂ ನನ್ನನ್ನು ನೋಡಿ ಹಿಂದೆ ಸರಿಯಿತು. ಬಾ ತಾಯಿ, ಬಾ, ನಾನು ಬರೀ ಹುಲ್ಲು, ಬರೀ ಹಳೇ ಪೇಪರು ಎಂದು ಕೂಗಬೇಕೆನಿಸಿತು. ಹುಟ್ಟಿದಾಗಿನಿಂದ ಹೆದರಿಸುತ್ತ ಬಂದವನು ನಾನು, ಇವತ್ತು ಒಂದೇ ಒಂದು ಹಕ್ಕಿ ನನಗೆ ಹೆದರದಿರಲಿ ಎಂದು ಬೇಡಿಕೊಂಡೆ.

ಮೂರನೆಯ ಸಲ ಅದು ಸುತ್ತಲಿಲ್ಲ. ನೇರ ನನ್ನ ಮುಖಕ್ಕೇ ಎರಗಿತು. ಉಗುರು ಎಡಗಣ್ಣಿಗೆ ನೆಟ್ಟು, ಮೆಂತ್ಯ ಹಾಕಿ ರುಬ್ಬಿದ ಕಾಗದ ಚೂರು ಚೂರಾಗಿ ಉದುರಿತು. ಗಳ ವಾಲಿ ನಾನು ತಲೆಕೆಳಗಾಗಿ ಜೋತುಬಿದ್ದೆ. ಆ ತಾಯಿಯ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಎಂದು ನಾನು ಇಷ್ಟು ಹತ್ತಿರದಿಂದ ನೋಡಿದ್ದೇನೆ. ಹೆದರಿಕೆ ಹೋಗಿರಲಿಲ್ಲ, ಹೆದರಿಕೊಂಡೇ ಬಂದಿತ್ತು. ಹೋಗಿ ಮೀನು ತಂದು ಗೂಡಿನಲ್ಲಿ ಇಳಿಯಿತು. ಮರಿ ತೆವಳಿಕೊಂಡು ಅದರ ಎದೆಯ ಕೆಳಗೆ ನುಗ್ಗಿತು. ಬಿಳಿ ತಲೆ ಬಗ್ಗಿತು, ಕಂದು ಬಾಯಿ ತೆರೆಯಿತು. ಚೂರು ಚೂರೇ ಹರಿದು ಬಾಯಿಗಿಟ್ಟಿತು.

ಚಿಕ್ಕತಾಯಮ್ಮನ ಕೈ ತಾನಾಗಿ ಮುಗಿಯಿತು. "ಗರುಡನ ಮರೀನೇ" ಎಂದರು ಮೆಲ್ಲಗೆ. ಕೆಳಗೆ ಬಗ್ಗಿ, "ಏಯ್ ಮೇಸ್ತ್ರಿ, ಆ ಗಳ ಬಿಸಾಕು! ಮರಿ ಮುಟ್ಟಿದ್ರೆ ನೋಡು ಮತ್ತೆ!" ಎಂದು ಕೂಗಿದರು. ಆಮೇಲೆ ಮಗುವಿನ ಕಡೆ ತಿರುಗಿದರು. "ಅಂಗಾರೆ ಗರುಡನ ತಲೆ ದೊಡ್ದಾದ್ಮೇಲೇ ಬೆಳ್ಳಗಾಗೋದು. ಇವ್ಳೂ ದೊಡ್ಡೋಳಾದ್ಮೇಲೆ ಬೆಳ್ಳಗಾಯ್ತಾಳೆ ಬುಡು."

"ಆಗ್ದಿದ್ರೆ ಅತ್ತೆ?" ಎಂದಳು ಹೇಮಲತ.

ಅತ್ತೆ ಮಂಡಿ ಹಿಡಿದುಕೊಂಡು ಎದ್ದು, ಒಬ್ಬರೇ ಮೆಟ್ಟಿಲಿಳಿದು ಹೋದರು.

ನನ್ನನ್ನು ಇಳಿಸಿದ ಮೇಲೆ ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಒಂದು ಕಣ್ಣಿನ ಬೊಂಬೆಯನ್ನು ರಾಚಯ್ಯನಂಥವನೂ ಇನ್ನೊಂದು ಮನೆಗೆ ಒಯ್ಯಲಾರ. ಗರುಡ ಮುಟ್ಟಿದ್ದನ್ನು ಸುಡಲೂ ಅಂಜಿಕೆ. ಮೆಟ್ಟಿಲ ಕೆಳಗೆ, ಉಳಿದ ಟೈಲ್ಸು, ಬಣ್ಣದ ಡಬ್ಬಗಳ ಜೊತೆ ತುರುಕಿದರು. ಈಗಲೂ ಅಲ್ಲೇ ಇದ್ದೇನೆ. ಇಲಿಗಳು ನನ್ನ ಹುಲ್ಲು ಎಳೆದುಕೊಂಡು ಹೋಗುತ್ತವೆ, ಅವಕ್ಕೂ ಮರಿ ಇರಬೇಕು. ಪಾಪೇಗೌಡರು ಬಂದವರಿಗೆಲ್ಲ ಗರುಡನ ಮರಿಯನ್ನು ಕಾಪಾಡಿದ್ದು ತಾವೇ ಎಂದು ಹೇಳುತ್ತಾರೆ.

ಗೃಹಪ್ರವೇಶದ ದಿನ ಮೆಟ್ಟಿಲ ಪಕ್ಕದಲ್ಲೇ ಪಂಕ್ತಿ ಹಾಕಿದ್ದರು. ಹೆಂಗಸೊಬ್ಬಳು ಊಟದ ನಡುವೆ, "ಅಲ್ಲ ಚಿಕ್ಕತಾಯಿ, ಮೊಮ್ಮಗ್ಳು ಯಾರ್ ಬಣ್ಣ? ನಿಮ್ಮನೇಲಿ ಯಾರೂ ಹಿಂಗಿಲ್ವಲ್ಲ" ಎಂದಳು. ಬಡಿಸುತ್ತಿದ್ದ ಸೌಟಿನ ಸದ್ದು ನಿಂತಿತು. ಹೇಮಲತಳ ಬಳೆಯ ಸದ್ದೂ ನಿಂತಿತು. ನಾನು ಕಿವಿ ನಿಮಿರಿಸಿದೆ. ಬೆಳ್ಳಗಾಗುತ್ತಾಳೆ ಎನ್ನುತ್ತಾರೆ, ಇಲ್ಲವೇ ನಕ್ಕು ಹಾರಿಸುತ್ತಾರೆ ಎಂದುಕೊಂಡೆ.

"ಅವ್ಳ್ ಬಣ್ಣ ಅವ್ಳ್ದು" ಎಂದರು ಚಿಕ್ಕತಾಯಮ್ಮ. "ಮಗು ನಮ್ದು. ಪಾಯ್ಸ ಆರೋಯ್ತದೆ, ಉಣ್ಣು."

ಆ ಮಾತನ್ನು ಈ ಕತ್ತಲೆಯಲ್ಲಿ ಕೂತು ಎಷ್ಟೋ ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಎಲ್ಲಾದರೂ ಸುಳ್ಳು ಇದ್ದೀತೇ ಎಂದು ಹುಡುಕಿದ್ದೇನೆ, ಹುಡುಕದೆ ಇರಲು ನನಗೆ ಬರುವುದಿಲ್ಲ. ಸಿಗಲಿಲ್ಲ. ಕೊನೆಗೆ ನಂಬಿದೆ.