ತೊಮಾಸಾ ಎಳೆದ ಗೆರೆ

ಹಿಂದಿನ ವರ್ಷ ಸಾನ್ ತಿಮೊತೆಯೊ ಊರಿನ ಫುಟ್‌ಬಾಲ್ ತಂಡ ಎರಡನೇ ದರ್ಜೆಯಿಂದ ಕೆಳಗಿಳಿಯದೆ ಉಳಿದದ್ದು ಬರೀ ಒಂದು ಪಾಯಿಂಟಿನಿಂದ. ಆದ್ದರಿಂದ ೧೯೮೮ರ ಜುಲೈನಲ್ಲಿ ಹೊಸ ಕೋಚ್ ಬಾಲ್ತಸಾರ್ ಬಂದಾಗ ಜನ ಅವರಿಂದ ಹೆಚ್ಚೇನೂ ಬಯಸಲಿಲ್ಲ. ಮುಳುಗಿಸದೆ ದಡ ಮುಟ್ಟಿಸಿದರೆ ಸಾಕಿತ್ತು. ಎಲ್ಲ ಕೋಚ್‌ಗಳನ್ನೂ ಕರೆಯುವಂತೆ ಅವರನ್ನೂ ಮೇಷ್ಟ್ರೇ ಎಂದು ಕರೆದರು.

ಮೇಷ್ಟ್ರು ತಮ್ಮ ಜೊತೆ ಮೂವರು ಡಿಫೆಂಡರುಗಳನ್ನು ಕರೆತಂದಿದ್ದರು. ಮೂವರ ವಯಸ್ಸು ಕೂಡಿಸಿದರೆ ನೂರಾ ಎಂಟು. ಅವರಲ್ಲಿ ಹಿರಿಯ ಅಬುಂದಿಯೊ. ಕುತ್ತಿಗೆ ಎಂಬುದೇ ಇಲ್ಲದ, ಬಾಗಿಲು ತುಂಬ ನಿಲ್ಲುವ ಆಳು. ಮೊದಲ ದಿನದ ಅಭ್ಯಾಸ ನೋಡಿದವರೇ ಅವನಿಗೆ ‘ಬೀರು’ ಎಂದು ಹೆಸರಿಟ್ಟರು. ಎದುರಿಗೆ ಬಂದವನು ಅವನಿಗೆ ಡಿಕ್ಕಿ ಹೊಡೆದು ತಾನೇ ಬೀಳುತ್ತಿದ್ದ. ಆದರೆ ಪಕ್ಕದಲ್ಲಿ ಓಡಿಹೋದವನನ್ನು ಬೀರು ತಿರುಗಿ ನೋಡುವಷ್ಟರಲ್ಲಿ ಚೆಂಡು ಬಲೆಯೊಳಗಿರುತ್ತಿತ್ತು.

ಇದು ಮೇಷ್ಟ್ರಿಗೂ ಗೊತ್ತಿತ್ತು. ಅದಕ್ಕೇ ಅವರು ಊರಿಗೆ ಬಂದ ಮೂರನೇ ಬೆಳಿಗ್ಗೆ ಮೈದಾನದ ತೊಮಾಸಾಳನ್ನು ಹುಡುಕಿಕೊಂಡು ಹೋದರು.

ತೊಮಾಸಾ ಆ ಮೈದಾನವನ್ನು ನೋಡಿಕೊಳ್ಳಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಗೆರೆ ಹಾಕುವುದು ಎಲ್ಲವೂ ಅವಳೇ. ಸಾನ್ ತಿಮೊತೆಯೊ ಸುಣ್ಣದ ಭಟ್ಟಿಗಳ ಊರು. ತಂಡದ ಹೆಸರೂ ಸುಣ್ಣಗಾರರು ಎಂದೇ. ಅಲ್ಲಿ ಸುಣ್ಣಕ್ಕೆ ಬರವಿರಲಿಲ್ಲ. ಆದರೆ ಹುಲ್ಲು ಸುಡದಂತೆ, ಬಿದ್ದವರ ಮೊಣಕಾಲು ಉರಿಯದಂತೆ ಅದನ್ನು ಎಷ್ಟು ದಿನ ಅರಳಿಸಬೇಕು, ಎಷ್ಟು ನೀರು ಬೆರೆಸಬೇಕು ಎಂಬ ಹದ ಅವಳ ಕೈಗೆ ಮಾತ್ರ ಗೊತ್ತಿತ್ತು. ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ, ತಳ್ಳುಗಾಡಿ ಹಿಡಿದು ಹೊರಟಳೆಂದರೆ ಗೆರೆ ಬಾಚಣಿಗೆಯಲ್ಲಿ ತೆಗೆದ ಬೈತಲೆಯಂತೆ ನೆಟ್ಟಗೆ ಬರುತ್ತಿತ್ತು.

“ದೋನ್ಯಾ ತೊಮಾಸಾ, ಈ ಮೈದಾನದ ಅಗಲ ಎಷ್ಟು?” ಎಂದು ಮೇಷ್ಟ್ರು, ಹಿರಿಯ ಹೆಂಗಸರನ್ನು ಕರೆಯುವ ಗೌರವದಲ್ಲೇ ಕೇಳಿದರು.

“ಅರವತ್ತೆಂಟು ಮೀಟರ್.”

“ಅರವತ್ತು ಮಾಡೋಕಾಗತ್ತಾ?”

ತೊಮಾಸಾ ಗಾಡಿಯ ಹಿಡಿ ಬಿಟ್ಟು ಸೊಂಟಕ್ಕೆ ಕೈಯಿಟ್ಟಳು. “ಇದೇನು ಸ್ಕರ್ಟಾ ಮೇಷ್ಟ್ರೇ, ಪಕ್ಕದಲ್ಲಿ ಹೊಲಿದು ಬಿಗಿ ಮಾಡೋಕೆ? ಅರವತ್ನಾಲ್ಕಕ್ಕಿಂತ ಕಮ್ಮಿ ಇರಬಾರದು ಅಂತ ಲೀಗಿನ ನಿಯಮ ಇದೆ.”

“ಯಾರು ಅಳೀತಾರೆ?”

“ಯಾರೂ ಅಳೆಯಲ್ಲ. ಅಳೆಯಲ್ಲ ಅಂತ ಹಾಗೆ ಮಾಡೋದಾ?”

ಮೇಷ್ಟ್ರು ಟೋಪಿ ತೆಗೆದು ತಲೆ ಸವರಿಕೊಂಡರು. “ನೋಡಿ ದೋನ್ಯಾ, ನಾನು ಕರ್ಕೊಂಡು ಬಂದಿರೋರು ಒಳ್ಳೆ ಡಿಫೆಂಡರುಗಳೇ. ಆದರೆ ಇವರಿಗೆ ಅಗಲ ಜಾಸ್ತಿಯಾದರೆ ಬಟ್ಟೆ ಒಣಗಿಸೋ ಹಗ್ಗದ ಥರ ಜೋತುಬೀಳ್ತಾರೆ. ಈ ವರ್ಷ ಕೆಳಗಿಳಿದರೆ ತಂಡ ಮುಚ್ಚಿಬಿಡ್ತೀನಿ ಅಂತ ಅಧ್ಯಕ್ಷರು ಹೇಳಿದಾರೆ. ಆಮೇಲೆ ಇಲ್ಲಿ ಲಾರಿ ನಿಲ್ಲಿಸ್ತಾರೆ.”

ತನ್ನ ಹುಲ್ಲಿನ ಮೇಲೆ ಲಾರಿಯ ಚಕ್ರ! ಆ ಒಂದು ಮಾತಿಗೆ ತೊಮಾಸಾ ಸೋತಳು. ವಿಷಯ ಇಬ್ಬರ ನಡುವೆಯೇ ಇರಬೇಕೆಂದು ಮಾತಾಯಿತು.

ಅವಳು ಕೆಲಸವನ್ನು ಒಂದೇ ಸಲಕ್ಕೆ ಮಾಡಲಿಲ್ಲ. ವಾರಕ್ಕೆರಡು ಬೆಳಿಗ್ಗೆ ಆ ಕಡೆ ಈ ಕಡೆ ಅರ್ಧ ಅರ್ಧ ಮೀಟರ್ ಒಳಗೆ ಸರಿದಳು. ಹಳೆಯ ಗೆರೆಯ ಗುರುತಿನ ಮೇಲೆ ಕತ್ತರಿಸಿದ ಹುಲ್ಲು ಹರಡಿ ನೀರು ಬಿಟ್ಟಳು. ಹೊರಗುಳಿದ ಪಟ್ಟಿಗೆ ಜಾಹೀರಾತಿನ ಹಲಗೆಗಳನ್ನು ತಂದು ನಿಲ್ಲಿಸಿದಳು. ಲೀಗ್ ಶುರುವಾಗುವ ಹೊತ್ತಿಗೆ ಎಂಟು ಮೀಟರ್ ಮಾಯವಾಗಿತ್ತು. ಹುಟ್ಟಿದಾಗಿನಿಂದ ಅದೇ ಮೈದಾನ ನೋಡಿಕೊಂಡು ಬಂದವರಿಗೂ ಗೊತ್ತಾಗಲಿಲ್ಲ.

ಆಮೇಲಿನದನ್ನು ಊರಿನವರು ಇವತ್ತಿಗೂ ಹೇಳುತ್ತಾರೆ. ಸುಣ್ಣಗಾರರು ತಮ್ಮ ಮೈದಾನದಲ್ಲಿ ಸೋಲುವುದನ್ನೇ ಮರೆತರು. ಒಂದು–ಸೊನ್ನೆ, ಒಂದು–ಸೊನ್ನೆ, ಸೊನ್ನೆ–ಸೊನ್ನೆ, ಮತ್ತೆ ಒಂದು–ಸೊನ್ನೆ. ಬಂದ ತಂಡಗಳ, ಮೈದಾನದ ಅಂಚಿನಲ್ಲಿ ಓಡುವ ವಿಂಗರುಗಳು ಚೆಂಡು ತೆಗೆದುಕೊಂಡು ಅಭ್ಯಾಸಬಲದಿಂದ ಓಡಿ ಗೆರೆ ದಾಟುತ್ತಿದ್ದರು, ಲೈನ್ಸ್‌ಮನ್ ಬಾವುಟ ಎತ್ತುತ್ತಿದ್ದ. ಬೀರು ನಿಂತಲ್ಲೇ ನಿಂತು ಎರಡು ಹೆಜ್ಜೆಯಲ್ಲಿ ಎಲ್ಲವನ್ನೂ ಮುಗಿಸುತ್ತಿದ್ದ. ಇಷ್ಟು ವರ್ಷ ಗೊಣಗಲಷ್ಟೇ ಬರುತ್ತಿದ್ದ ಜನ ಡೋಲು ತಂದರು. ಪಾದ್ರಿಗಳು ಪಂದ್ಯಕ್ಕಾಗಿ ಭಾನುವಾರದ ಪ್ರಾರ್ಥನೆಯನ್ನು ಹದಿನೈದು ನಿಮಿಷ ಮೊದಲೇ ಮುಗಿಸತೊಡಗಿದರು.

ಒಬ್ಬನಿಗೆ ಮಾತ್ರ ಈ ಸುಖ ದಕ್ಕಲಿಲ್ಲ. ಅವನು ತೊಮಾಸಾಳ ಅಕ್ಕನ ಮಗ ಫಿದೆನ್ಸಿಯೊ, ತಂಡದ ಬಲಗಡೆಯ ವಿಂಗರ್. ಇಪ್ಪತ್ಮೂರು ವರ್ಷದ ಅವನನ್ನು ಓಟಕ್ಕೇ ‘ಮೊಲ’ ಎನ್ನುತ್ತಿದ್ದರು. ಹೊರಗಿನ ಊರುಗಳಲ್ಲಿ ಮೊಲ ಹಾರುತ್ತಿದ್ದ, ಗೋಲು ಹೊಡೆಯುತ್ತಿದ್ದ. ತನ್ನ ಊರಿನಲ್ಲಿ ಮಾತ್ರ ಚೆಂಡು ಕಾಲಿಗೆ ಬಂದ ಮೂರನೇ ಹೆಜ್ಜೆಗೆ ಗೆರೆಯಾಚೆ ಇರುತ್ತಿದ್ದ.

“ಏಯ್ ಮೊಲ, ಬೋನು ಸಾಲ್ತಾ ಇಲ್ವೇನೋ!” ಎಂದು ಗ್ಯಾಲರಿಯ ಮೇಲಿನ ಸಾಲಿನಿಂದ ಕೂಗುತ್ತಿದ್ದರು. “ಕ್ಯಾರೆಟ್ ತರಲಾ?”

ಮೊಲ ಬೂಟು ಬದಲಾಯಿಸಿದ. ಗಡ್ಡ ಬಿಟ್ಟ. ಯಾರದೋ ಕಣ್ಣು ಬಿದ್ದಿದೆಯೆಂದು ಅವನ ತಾಯಿ ಒಬ್ಬ ಅಜ್ಜಿಯ ಹತ್ತಿರ ಕರೆದೊಯ್ದಳು. ಅಜ್ಜಿ ತಲೆಯಿಂದ ಕಾಲಿನವರೆಗೆ ಮೊಟ್ಟೆ ಇಳಿತೆಗೆದು, ಗ್ಲಾಸಿನ ನೀರಿಗೆ ಒಡೆದು ನೋಡಿ, “ಹತ್ತಿರದ ಹೆಂಗಸೊಬ್ಬಳು ನಿನ್ನ ದಾರಿಗೆ ಅಡ್ಡ ನಿಂತಿದಾಳೆ” ಎಂದಳು. ಅವನು ಆ ವಾರವೇ ತನ್ನ ಹುಡುಗಿಯ ಜೊತೆ ಜಗಳ ತೆಗೆದ. ಪಾಪ, ಆ ಹುಡುಗಿಗೆ ಫುಟ್‌ಬಾಲ್ ಎಂದರೇನೆಂದೇ ಗೊತ್ತಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟ. ಭೂತಾಳೆ ಎಲೆ ಮುಚ್ಚಿ ಗುಂಡಿಯಲ್ಲಿ ಬೇಯಿಸಿದ ಕುರಿ, ಮೆಕ್ಕೆಜೋಳದ ಬಿಸಿ ತೋರ್ತಿಯಾ ರೊಟ್ಟಿ, ಹಸಿಮೆಣಸಿನ ಚಟ್ನಿ. ಗೆದ್ದವರು ಮೇಲಿನ ದರ್ಜೆಗೆ ಹೋಗುವ ಫೈನಲ್‌ಗೆ ಸುಣ್ಣಗಾರರು ತಲುಪಿದ್ದರಿಂದ ಎಲ್ಲರ ಬಾಯಲ್ಲೂ ಅದೇ ಮಾತು. ಮೊಲ ತಟ್ಟೆ ಮುಟ್ಟಿರಲಿಲ್ಲ.

“ಫೈನಲ್ ಆದ್ಮೇಲೆ ಬಿಡ್ತೀನಿ ಚಿಕ್ಕಮ್ಮ,” ಎಂದ. “ಭಟ್ಟಿಯಲ್ಲಿ ಲಾರಿ ಓಡಿಸೋ ಕೆಲಸ ಇದೆಯಂತೆ. ನಮ್ಮೂರಲ್ಲಿ ಆಡೋಕೆ ನನ್ನ ಕೈಲಾಗ್ತಿಲ್ಲ. ಕಾಲೇ ನಂದಲ್ಲ ಅನ್ಸತ್ತೆ.”

ತೊಮಾಸಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಕೈ ಒರೆಸಿಕೊಂಡು ಎದ್ದಳು. “ಬಾ ನನ್ ಜೊತೆ.”

“ಎಲ್ಲಿಗೆ? ಊಟ...”

“ತಿನ್ನೋನ ಹಾಗೆ ಆಡಬೇಡ, ಬಾ.”

ಖಾಲಿ ಮೈದಾನದಲ್ಲಿ ಅವಳು ಅವನನ್ನು ಒಂದು ಪಕ್ಕದ ಗೆರೆಯ ಮೇಲೆ ನಿಲ್ಲಿಸಿ ಅಳತೆಯ ದಾರದ ತುದಿ ಕೈಗೆ ಕೊಟ್ಟಳು. ಇನ್ನೊಂದು ಗೆರೆಯವರೆಗೂ ತಾನೇ ದಾರ ಬಿಚ್ಚುತ್ತ ಹೋದಳು. ಅಲ್ಲಿಂದಲೇ ಕೂಗಿದಳು: “ಅರವತ್ತು! ಅರವತ್ತೆಂಟಿರಬೇಕಿತ್ತು. ಎಂಟು ಮೀಟರ್ ನಾನು ತಿಂದಿದ್ದು ಕಣೋ!”

ಮೊಲ ಗೆರೆಯನ್ನೊಮ್ಮೆ, ದಾರವನ್ನೊಮ್ಮೆ ನೋಡಿದ. ಆಮೇಲೆ ದಾರವನ್ನು ನೆಲಕ್ಕೆ ಬಿಸಾಡಿ ಗೋಲಿನ ಕಂಬದವರೆಗೂ ನಡೆದುಹೋದ. ಬಾಯಿಗೆ ಬಂದದ್ದನ್ನೆಲ್ಲ ಕಂಬಕ್ಕೆ ಹೇಳಿದ. ಕಂಬಕ್ಕೆ ಹೇಳಿದ್ದಾದರೂ ತೊಮಾಸಾಳಿಗೆ ಒಂದೊಂದು ಶಬ್ದವೂ ಕೇಳಿಸಿತು. ತಿರುಗಿ ಬಂದಾಗ ಅವನ ಮುಖದಲ್ಲಿ ನಗುವೋ ಅಳುವೋ ಹೇಳಲಾಗದ ಏನೋ ಇತ್ತು.

“ಮೈಮೇಲೆಲ್ಲ ಮೊಟ್ಟೆ ಆಡಿಸ್ಕೊಂಡೆ ಚಿಕ್ಕಮ್ಮ! ರೊಸಾಲ್ಬಾ ಜೊತೆ ಮಾತು ಬಿಟ್ಟೆ!”

“ತಪ್ಪಾಯ್ತು ಕಣೋ. ನಿನಗೆ ಹೇಳಬೇಕಿತ್ತು.”

“ಫೈನಲ್‌ಗೆ ಮಾತ್ರ ನನ್ನ ಜಾಗ ನನಗೆ ಕೊಡು. ಒಂದೇ ಒಂದು ಪಂದ್ಯ.”

“ಆಗಲ್ಲ. ಬೀರು ಸತ್ತೇಹೋಗ್ತಾನೆ. ಊರೆಲ್ಲ ಕಾಯ್ತಾ ಇದೆ.”

ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ತೊಮಾಸಾ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು.

ಫೈನಲ್ ಎರಡು ಪಂದ್ಯಗಳದ್ದು, ಎರಡೂ ಊರಿನಲ್ಲಿ ಒಂದೊಂದು. ಮೊದಲನೆಯದು ಸಮುದ್ರದ ಕಡೆಯ ಬಂದರಿನ ಊರಿನಲ್ಲಿ ನಡೆಯಿತು. ಒಂದು–ಒಂದು. ಆ ಒಂದನ್ನು ಮೊಲ ಹೊಡೆದಿದ್ದ. ರೇಡಿಯೋದಲ್ಲಿ ಅವನ ಓಟದ ವರ್ಣನೆ ಕೇಳುತ್ತ ತೊಮಾಸಾ ಒಲೆಯ ಮೇಲಿನ ಬೀನ್ಸ್ ಸೀಯಿಸಿದಳು. ತನ್ನ ಅಕ್ಕನ ಮಗನ ಆಟವನ್ನು ವರ್ಷವಿಡೀ ಹೊರಗಿನ ಊರಿನವರೇ ನೋಡಿದರು, ತಾನು ನೋಡಲಿಲ್ಲ ಎಂದು ಆಗ ಅವಳಿಗೆ ಹೊಳೆಯಿತು. ಅದಕ್ಕಿಂತ ಮುಜುಗರದ ಸಂಗತಿ ಇನ್ನೊಂದಿತ್ತು: ಇಷ್ಟು ತಿಂಗಳು ತಾನೆಳೆದ ನೆಟ್ಟನೆಯ ಗೆರೆಗಳನ್ನು ಅವಳಿಗೆ ಒಂದು ಸಲವೂ ಸಮಾಧಾನದಿಂದ ನೋಡಲಾಗಿರಲಿಲ್ಲ.

ಶನಿವಾರ ಬೆಳಕು ಹರಿಯುವಾಗಲೇ ಅವಳು ಹಲಗೆಗಳನ್ನು ಎಳೆದು ಹಿಂದಕ್ಕೆ ಹಾಕಿದಳು. ಒಳಗಿನ ಗೆರೆ ಉಜ್ಜಿ ತೊಳೆದಳು. ದಾರ ಕಟ್ಟಿದಳು. ಎಂಟು ಗಂಟೆಗೆ ಮೇಷ್ಟ್ರು ಬಂದಾಗ ಕೊನೆಯ ಮೂಲೆಯ ಕಾಲುವೃತ್ತ ಮುಗಿಯುತ್ತಿತ್ತು.

“ಇದೇನಿದು?” ಮೇಷ್ಟ್ರ ದನಿ ಒಡೆಯಿತು. “ದೋನ್ಯಾ ತೊಮಾಸಾ, ಇದೇನು ಮಾಡಿದ್ರಿ?”

“ಅರವತ್ತೆಂಟು.”

“ನನ್ನ ಕುತ್ತಿಗೆ ಕುಯ್ದುಬಿಟ್ರಲ್ಲ! ನಾಳೆ ಫೈನಲ್ಲು! ಬೀರು ಕೈಲಿ ಇಷ್ಟಗಲ ಓಡೋಕಾಗತ್ತಾ? ಅಳಿಸಿ! ಈಗಲೇ ಅಳಿಸಿ!”

“ಅಳಿಸಲ್ಲ ಮೇಷ್ಟ್ರೇ. ಬೇಕಾದ್ರೆ ಗಾಡಿ ತಗೊಳ್ಳಿ, ನೀವೇ ಎಳೀರಿ.”

ಮೇಷ್ಟ್ರು ನಿಜಕ್ಕೂ ಗಾಡಿಗೆ ಕೈ ಹಾಕಿದರು. ಆಗಲೇ ಗೇಟಿನ ಹತ್ತಿರ ಟ್ಯಾಕ್ಸಿಯೊಂದು ನಿಂತಿತು. ಬಗಲಲ್ಲಿ ಉಕ್ಕಿನ ಟೇಪಿನ ಚಕ್ರ ಇಟ್ಟುಕೊಂಡ ಸಣಕಲು ಮನುಷ್ಯನೊಬ್ಬ ಇಳಿದ. ತಾನು ಲೀಗಿನ ಕಡೆಯಿಂದ ಬಂದಿದ್ದೇನೆ, ಬಂದರಿನ ತಂಡದವರು ಮೈದಾನದ ಅಗಲದ ಬಗ್ಗೆ ದೂರು ಕೊಟ್ಟಿದ್ದಾರೆ, ಕಮ್ಮಿಯಿದ್ದರೆ ಕಪ್ ಅವರಿಗೇ ಹೋಗುತ್ತದೆ ಎಂದ.

ಮೇಷ್ಟ್ರ ಮುಖ ಸುಣ್ಣಕ್ಕಿಂತ ಬಿಳಿಯಾಯಿತು. ಗಾಡಿಯ ಹಿಡಿಯನ್ನು ಬಿಸಿ ಬಾಣಲೆ ಮುಟ್ಟಿದವರಂತೆ ಬಿಟ್ಟುಬಿಟ್ಟರು.

ಸಣಕಲ ಮೂರು ಕಡೆ ಅಳೆದ. ಮೂರು ಕಡೆಯೂ ಅರವತ್ತೆಂಟು, ಕೂದಲೆಳೆ ಹೆಚ್ಚಿಲ್ಲ ಕಮ್ಮಿಯಿಲ್ಲ. “ಈ ದರ್ಜೆಯಲ್ಲಿ ಇಷ್ಟು ನೆಟ್ಟಗಿರೋ ಗೆರೆ ನಾನು ನೋಡಿಲ್ಲ,” ಎಂದ. “ಯಾರು ಎಳೆದಿದ್ದು?”

“ನಮ್ಮ ದೋನ್ಯಾ ತೊಮಾಸಾ,” ಎಂದರು ಮೇಷ್ಟ್ರು. “ಈ ವಿಷಯದಲ್ಲಿ ನಾವಿಬ್ಬರೂ ಬಹಳ ಕಟ್ಟುನಿಟ್ಟು.”

ಟ್ಯಾಕ್ಸಿ ಮರೆಯಾಗುವವರೆಗೂ ತೊಮಾಸಾ ನಗು ತಡೆದುಕೊಂಡಳು. ಆಮೇಲೆ ಇಬ್ಬರೂ ಗಾಡಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಭಾನುವಾರ ಮಧ್ಯಾಹ್ನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ತೇ ನಿಮಿಷದಲ್ಲಿ ಬೀರುವಿನ ನಾಲಿಗೆ ಹೊರಬಿತ್ತು. ಬಂದರಿನವರು ಅವನ ಎರಡೂ ಪಕ್ಕದಿಂದ ಗಾಳಿಯಂತೆ ನುಗ್ಗಿ, ಮಧ್ಯಂತರಕ್ಕೆ ಎರಡು–ಸೊನ್ನೆ ಮಾಡಿದರು. ತೊಮಾಸಾ ಮೂಲೆಯ ಬಾವುಟದ ಹತ್ತಿರ ಕೂತು, ಜನಕ್ಕೆ ನಿಜ ಗೊತ್ತಾದರೆ ತನ್ನನ್ನು ಭಟ್ಟಿಗೇ ಹಾಕುತ್ತಾರೆ ಎಂದುಕೊಂಡಳು.

ಆದರೆ ಎರಡನೇ ಅರ್ಧದಲ್ಲಿ ಚೆಂಡು ಮೊಲನ ಕಾಲಿಗೆ ಬಂತು. ಮೂರನೇ ಹೆಜ್ಜೆಯಾಯಿತು, ನಾಲ್ಕನೆಯದಾಯಿತು, ಗೆರೆ ಇನ್ನೂ ದೂರದಲ್ಲೇ ಇತ್ತು. ಅವನು ಒಂದು ಕ್ಷಣ ಕೆಳಗೆ ನೋಡಿದ. ಆಮೇಲೆ ಬಿಟ್ಟ ಓಟ! ಅವನು ತೂರಿದ ಚೆಂಡಿಗೆ ಗೋಲಿನ ಮುಂದಿದ್ದವನು ಬರೀ ಹಣೆ ಕೊಟ್ಟರೆ ಸಾಕಿತ್ತು. ಹತ್ತು ನಿಮಿಷದ ಮೇಲೆ ಮತ್ತೆ ಅದೇ ಪಕ್ಕ, ಮತ್ತೆ ಅದೇ ಓಟ. ಈ ಸಲ ಅವನು ಯಾರಿಗೂ ಕೊಡದೆ ತಾನೇ ಹೊಡೆದ. ಎರಡು–ಎರಡು. ಮೇಲಿನ ಸಾಲಿನವರು ಕ್ಯಾರೆಟ್ಟಿನ ಮಾತೇ ಮರೆತು ಒಬ್ಬರನ್ನೊಬ್ಬರು ಎತ್ತಿ ಕುಣಿದರು. ತೊಮಾಸಾ ಬಾವುಟದ ಕಂಬ ಹಿಡಿದುಕೊಂಡು ಅತ್ತಳು.

ಹೆಚ್ಚುವರಿ ಅರ್ಧ ಗಂಟೆಯಲ್ಲೂ ಯಾರೂ ಗೋಲು ಹೊಡೆಯಲಿಲ್ಲ. ಪೆನಾಲ್ಟಿಗಳಲ್ಲಿ ಕೊನೆಯದನ್ನು ಬೀರು ಹೊಡೆಯಬೇಕಾಗಿ ಬಂತು. ನಿಲ್ಲಲೂ ತ್ರಾಣವಿಲ್ಲದ ಅವನು ಹೊಡೆದ ಚೆಂಡು ಬೇಲಿ ದಾಟಿ, ರಸ್ತೆ ದಾಟಿ, ಸುಣ್ಣದ ರಾಶಿಯಲ್ಲಿ ಹೂತುಹೋಯಿತು. ಬಂದರಿನವರು ಮೇಲಿನ ದರ್ಜೆಗೆ ಹೋದರು.

ಜನ ಡೋಲು ಕೆಳಗಿಟ್ಟರು. ಆಮೇಲೆ ಮೇಲಿನ ಸಾಲಿನಿಂದ ಯಾರೋ ಕೂಗಿದರು: “ಪರವಾಗಿಲ್ಲ ಬಿಡೋ ಬೀರು! ಅಷ್ಟು ದೂರ ನೀನು ಇಡೀ ವರ್ಷ ಹೋಗಿರಲಿಲ್ಲ!” ನಗು ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯಿತು, ಡೋಲು ಮತ್ತೆ ಶುರುವಾಯಿತು. ಬೀರು ಮೊದಲು ಮುಖ ಮುಚ್ಚಿಕೊಂಡ, ಆಮೇಲೆ ಅವನೂ ನಕ್ಕ.

ಮೊಲ ಲಾರಿ ಓಡಿಸಲಿಲ್ಲ. ಆ ಬೇಸಿಗೆಯಲ್ಲೇ ಉತ್ತರದ ಒಂದು ದೊಡ್ಡ ತಂಡದಿಂದ ಕರೆ ಬಂತು. ಹೋಗುವ ಮೊದಲು ರೊಸಾಲ್ಬಾಳ ಮನೆಗೆ ಮೂರು ಸಲ ಅಲೆದು ಕ್ಷಮೆ ಕೇಳಿದ. ನಾಲ್ಕನೇ ಸಲಕ್ಕೆ ತೊಮಾಸಾಳೇ ಜೊತೆಗೆ ಹೋಗಿ, ಮೊಟ್ಟೆಯಲ್ಲಿ ಕಂಡ ಹೆಂಗಸು ತಾನೇ ಎಂದು ಒಪ್ಪಿಕೊಂಡಳು. ರೊಸಾಲ್ಬಾ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಬೈದಳು. ಬೈದು ಮುಗಿದ ಮೇಲೆ ಒಳಗೆ ಕರೆದು ಕಾಫಿ ಕೊಟ್ಟಳು.