ಭಾನುವಾರದ ಹರಾಜು

ಸುಭಾಷ ಟ್ರಂಕಿನ ಸೀರೆಗಳನ್ನೆಲ್ಲ ನೆಲಕ್ಕೆ ಸುರಿದು ಡಬ್ಬಿಯನ್ನು ಹುಡುಕಿ ತೆಗೆದ. ಮುಚ್ಚಳ ತೆರೆದರೆ ಒಳಗೆ ನೀಲಿ ಮಖಮಲ್ಲು, ಅದರ ನಡುವೆ ಪದಕ ಕೂತಿದ್ದ ದುಂಡನೆಯ ತಗ್ಗು, ಅಷ್ಟೇ. ಹೊರಗೆ ಹಾಲ್‌ನಲ್ಲಿ ಅವನ ತಾಯಿ ಈಶ್ವರಮ್ಮನ ಹೆಣಕ್ಕೆ ಇನ್ನೂ ಸ್ನಾನವಾಗಿರಲಿಲ್ಲ.

“ಅತ್ತಿಗೆ, ಎಲ್ಲಿ ಮೆಡಲ್ಲು?”

ಬಾಗಿಲಲ್ಲಿ ನಿಂತಿದ್ದ ಲತಾಮಣಿ ಗಾಬರಿಯಾದಳು. “ಅದರಲ್ಲೇ ಇರ್ಬೇಕಲ್ಲ?”

“ಇಲ್ವಲ್ಲ! ಟ್ರಂಕಿನ ಕೀ ಯಾರ ಹತ್ರ ಇತ್ತು?”

ಅತ್ತೆಯ ಕಣ್ಣು ಮಂಜಾದ ಮೇಲೆ ಕೀ ಲತಾಮಣಿಯ ಸೊಂಟದಲ್ಲೇ ಇತ್ತು. ಅದು ಎಲ್ಲರಿಗೂ ಗೊತ್ತಿತ್ತು.

ಬೆಳ್ಳಿ ಪನ್ನೀರುದಾನಿ, ನೀಲಿ ಗಾಜಿನ ಹೂಜಿ, ಅಪ್ಪನಿಗೆ ಯುದ್ಧದಲ್ಲಿ ಸಿಕ್ಕ ಬೆಳ್ಳಿ ಪದಕ, ಮೂರನ್ನೂ ಕೊಡುತ್ತೇನೆಂದು ಸುಭಾಷ ಹಳೇ ಫೋಟೊ ತೋರಿಸಿ ಹರಾಜಿನವರಿಗೆ ಮಾತು ಕೊಟ್ಟುಬಿಟ್ಟಿದ್ದ. ಗೊಟ್ಟಿಗೆರೆಯಲ್ಲಿ ಅವನ ಮನೆ ಕಟ್ಟಡ ಅರ್ಧಕ್ಕೆ ನಿಂತಿತ್ತು. “ಪನ್ನೀರುದಾನಿ ತಗೊಂಡೋಗು, ಗಾಜಿಂದೂ ತಗೊಂಡೋಗು. ಮೆಡಲ್ ಮಾತ್ರ ಕೇಳ್ಬೇಡ” ಎಂದಿದ್ದಳು ಈಶ್ವರಮ್ಮ. ಅಮ್ಮ ಬೇಡವೆಂದದ್ದಕ್ಕೆಲ್ಲ ಆಮೇಲೆ ಹೂಂ ಅನ್ನಿಸಿಕೊಳ್ಳುವುದು ಸುಭಾಷನಿಗೆ ಚಿಕ್ಕಂದಿನಿಂದ ಅಭ್ಯಾಸ. ಈ ಸಲ ಅಷ್ಟರೊಳಗೆ ಅವಳೇ ಹೋಗಿಬಿಟ್ಟಳು. ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದವಳು ಏಳಲಿಲ್ಲ.

“ಸಂಜೆ ಹರಾಜಿನವ್ರ ಕಡೆಯವ್ರು ಬರ್ತಾರೆ. ಭಾನುವಾರ ಹರಾಜು. ಜನ ನೋಡೋಕೆ ಬರೋದೇ ಮೆಡಲ್‌ಗೆ” ಎಂದ ಸುಭಾಷ, ಅಣ್ಣನನ್ನು ಕೂಗಿದ. ಯುವರಾಜ ಒಳಗೆ ಬಂದು ಖಾಲಿ ಡಬ್ಬಿ ನೋಡಿದ, ಹೆಂಡತಿಯನ್ನು ನೋಡಿದ.

“ಲತಾ, ನೀನೇನಾದ್ರೂ ಎತ್ತಿಟ್ಟಿದ್ದೀಯಾ?”

ಮೈದುನ ಕೇಳಿದಾಗ ಸಿಟ್ಟು ಬಂದಿತ್ತು. ಗಂಡನೂ ಅದನ್ನೇ ಕೇಳಿದ್ದನ್ನು ಲತಾಮಣಿಗೆ ನಂಬಲಾಗಲಿಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವನು ಕೇಳುವ ಮಾತೇ ಇದು?

* * *

ಎಪ್ಪತ್ತೊಂದರ ಯುದ್ಧದಲ್ಲಿ ನೆಲದಲ್ಲಿ ಹೂತಿಟ್ಟಿದ್ದ ಬಾಂಬು ತೆಗೆದದ್ದಕ್ಕೆ ಈಶ್ವರಮ್ಮನ ಗಂಡ ಪಿಳ್ಳಪ್ಪನಿಗೆ ಆ ಪದಕ ಬಂದಿತ್ತು. ಆಮೇಲೆ ಅವನು ಜಯನಗರದ ಒಂದು ಬ್ಯಾಂಕಿಗೆ ವಾಚ್‌ಮನ್ ಆದ. ಈಶ್ವರಮ್ಮ ಪದ್ಮನಾಭನಗರದಲ್ಲಿ ಹೂವು ಮಾರಿದಳು. ಪ್ರತಿ ಗಣರಾಜ್ಯೋತ್ಸವಕ್ಕೆ ಅವಳು ಪದಕವನ್ನು ವಿಭೂತಿ ಹಾಕಿ ಉಜ್ಜಿ ಗಂಡನ ಅಂಗಿಗೆ ಸಿಕ್ಕಿಸುತ್ತಿದ್ದಳು. ಅವನು ನಾಚಿಕೊಂಡು, ಕಾಫಿ ಮುಗಿಯುವಷ್ಟು ಹೊತ್ತು ಹಾಕಿಕೊಂಡಿದ್ದು, ಕಳಚಿ ಕೊಡುತ್ತಿದ್ದ.

“ಇಷ್ಟು ಬೇಗ ಭಾರ ಆಯ್ತಾ?” ಎಂದು ಅವಳು ರೇಗಿಸುತ್ತಿದ್ದಳು.

ಅವನು ಸತ್ತ ಹನ್ನೊಂದನೇ ದಿನ ನೆಂಟರ ಹೆಂಗಸರು ಅವಳ ತಾಳಿ ಬಿಚ್ಚಿದರು. ಆಮೇಲೆ ಎಷ್ಟೋ ದಿನ ಹೂ ಕಟ್ಟುವಾಗ, ಮಾತಾಡುವಾಗ ಈಶ್ವರಮ್ಮನ ಕೈ ಬರಿದಾದ ಕತ್ತಿಗೆ ಹೋಗಿ ತಡಕಾಡುತ್ತಿತ್ತು. ನೋಡುವುದಕ್ಕೆ ಸಂಕಟವಾಗುತ್ತಿತ್ತು. ಒಂದು ದಿನ ಅದು ನಿಂತಿತು. ಪಾಪ, ಅಭ್ಯಾಸವಾಯಿತು ಎಂದುಕೊಂಡಿದ್ದಳು ಲತಾಮಣಿ.

* * *

ಹಿತ್ತಲಲ್ಲಿ ಹೆಂಗಸರು ಬೆಡ್‌ಶೀಟು ಹಿಡಿದು ಮರೆ ಮಾಡಿ, ಮುಖ ಆ ಕಡೆ ತಿರುಗಿಸಿಕೊಂಡು ನಿಂತರು. ಮರೆಯ ಒಳಗೆ ಲತಾಮಣಿ ಮತ್ತು ಈಶ್ವರಮ್ಮನ ತಂಗಿ ಅಂಕಮ್ಮ ಇಬ್ಬರೇ. ರವಿಕೆಯ ಹುಕ್ಕು ಬಿಚ್ಚಿದಾಗ ಮೊದಲು ಕಂಡದ್ದು ಕರಿ ದಾರ. ಅದರ ತುದಿಗೆ ಪದಕ. ಉಜ್ಜಿ ಉಜ್ಜಿ ಅದರ ಅಕ್ಷರಗಳು ಸವೆದುಹೋಗಿದ್ದವು.

“ಅಯ್ಯೋ ನಮ್ಮಕ್ಕಾ!” ಎಂದು ಪಿಸುಗುಟ್ಟಿದ ಅಂಕಮ್ಮ ಅಳತೊಡಗಿದಳು. “ಬಿಚ್ಚು ಲತಾ. ತಗೊಂಡೋಗಿ ಅವರ ಮುಖಕ್ಕೆ ಹಿಡಿ. ನಿನ್ ಮೇಲಿರೋ ಅಪವಾದ ಹೋಗ್ಲಿ.”

ಲತಾಮಣಿಯ ಬೆರಳು ಗಂಟಿನ ಮೇಲೆ ಹೋಯಿತು. ಬಿಚ್ಚಿದರೆ ತಾನು ಕಳ್ಳಿಯಲ್ಲ. ಬಿಚ್ಚಿದರೆ ಭಾನುವಾರ ಯಾರೋ ಕೈ ಎತ್ತುತ್ತಾರೆ, ಯಾವುದೋ ಮನೆಯ ಗಾಜಿನ ಬೀರುವಿನಲ್ಲಿ ಇದು ಕೂರುತ್ತದೆ.

“ಚಿಕ್ಕತ್ತೆ, ಒಂದ್ಸಲ ತಾಳಿ ಬಿಚ್ಚಿಸ್ಕೊಂಡಿದ್ದಾರೆ ಇವ್ರು. ಇನ್ನೊಂದ್ಸಲ ಬಿಚ್ಚೋಕೆ ನನ್ ಕೈಲಾಗಲ್ಲ.”

“ಸಾಯೋವರೆಗೂ ಕಳ್ಳಿ ಅನ್ನಿಸ್ಕೋತೀಯ ಕಣೇ!”

ಲತಾಮಣಿ ನೀರು ಹುಯ್ದು, ಒರೆಸಿ, ಪದಕದ ಮೇಲೆಯೇ ಹೊಸ ರವಿಕೆಯ ಹುಕ್ಕು ಹಾಕಿದಳು.

* * *

ಚಟ್ಟ ಎತ್ತಬೇಕು ಎನ್ನುವಾಗ ಸುಭಾಷ ಅಡ್ಡ ನಿಂತ.

“ತಡೀರಿ. ಅತ್ತಿಗೆ, ಅಮ್ಮನ ಎದೆ ಮುಟ್ಟಿ ಹೇಳ್ಬಿಡಿ, ತಗೊಂಡಿಲ್ಲ ಅಂತ.”

ತಮಟೆಯವರು ಬಡಿಯುವುದನ್ನು ನಿಲ್ಲಿಸಿದರು. ಯುವರಾಜ ನೆಲ ನೋಡುತ್ತಿದ್ದ. ಅಂಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಬಾಯಿಬಿಟ್ಟರೆ ಎಲ್ಲ ಮುಗಿದಂತೆಯೇ.

ಲತಾಮಣಿ ಮಂಡಿಯೂರಿ, ಹಾರಗಳ ಅಡಿಗೆ ಕೈ ತೂರಿಸಿ, ಅತ್ತೆಯ ಎದೆಗೆ ಅಂಗೈ ಒತ್ತಿದಳು. ಸೀರೆಯ ಕೆಳಗಿನಿಂದ ಪದಕದ ಅಂಚು ಅಂಗೈಗೆ ಚುಚ್ಚಿತು.

“ನಾನು ತಗೊಂಡಿಲ್ಲ. ಯಾರಿಗೂ ಕೊಟ್ಟೂ ಇಲ್ಲ.”

“ಹಂಗಾದ್ರೆ ಎಲ್ಲೋಯ್ತು?”

“ಆಣೆ ಕೇಳಿದ್ರಿ, ಮಾಡಿದೀನಿ. ಅತ್ತೇನ ಕಳಿಸಿಕೊಡಿ.”

“ಹೊತ್ತಾಯ್ತು, ಎತ್ರಪ್ಪಾ” ಎಂದರು ಯಾರೋ. ತಮಟೆ ಮತ್ತೆ ಶುರುವಾಯಿತು. ಯುವರಾಜ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ, ಹೆಂಡತಿಯ ಕಡೆ ತಿರುಗಿ ನೋಡಲಿಲ್ಲ. ಸುಭಾಷ ಟವಲನ್ನು ಹೆಗಲಿಗೆ ಹಾಕಿಕೊಂಡು ತಲೆಯ ಕಡೆ ಹೆಗಲು ಕೊಟ್ಟ.

ಗೇಟಿನ ಮೆಟ್ಟಿಲು ಇಳಿಯುವಾಗ ಚಟ್ಟ ವಾಲಿತು. ಹೆಣ ಜಾರದಂತೆ ಸುಭಾಷ ಒಂದು ಕೈಯನ್ನು ಮೇಲೆತ್ತಿ ಹಾರಗಳ ಮೇಲಿಂದಲೇ ತಾಯಿಯ ಎದೆಯನ್ನು ಅದುಮಿ ಹಿಡಿದ. ಪದಕ ಇದ್ದದ್ದು ಆ ಕೈಯ ಕೆಳಗೇ ಎಂದು ಲತಾಮಣಿಗೆ ಗೊತ್ತಿತ್ತು. ಅವನು ಕೈ ತೆಗೆಯಲಿಲ್ಲ. ಹಾಗೇ ಹಿಡಿದುಕೊಂಡು, “ಅಮ್ಮಾ” ಎಂದು ಗಟ್ಟಿಯಾಗಿ ಅಳುತ್ತಾ ಸುಬ್ರಹ್ಮಣ್ಯಪುರದ ರಸ್ತೆಗೆ ಇಳಿದ.